ಬಾಗಿಲು ಕಾಯುವ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ಇತಿಹಾಸ ಗುರುತು ಹಾಕಿಕೊಳ್ಳಲಿ: ಇಂದು ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಐದು ಮಹಡಿಯ ಕಟ್ಟಡದ ಲಿಫ್ಟಿನಲ್ಲಿ ಓದು ಬರಹ ಬಲ್ಲ ಎಂಟು ಮಂದಿ ವಯಸ್ಕರು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದರು. ಗಿಡ್ಡಗಿರುವವರು ಮುಂದೆ, ಉದ್ದಕ್ಕಿರುವವರು ಹಿಂದೆ. ‘ಸಂಸ್ಥೆಯ ಘನತೆಯ ದೃಷ್ಟಿಯಿಂದ’ ಹೀಗೆಯೇ ನಿಲ್ಲತಕ್ಕದ್ದೆಂದು ನಿರ್ದೇಶಕರ ಹೆಸರಿನಲ್ಲಿ ಶನಿವಾರ ಎಲ್ಲರಿಗೂ ಇಮೇಲ್ ಹೋಗಿತ್ತು. ಎರಡನೇ ಮಹಡಿಯಲ್ಲಿ ಸ್ವತಃ ನಿರ್ದೇಶಕರೇ ಲಿಫ್ಟು ಹತ್ತಿದರು. ಎಲ್ಲರೂ ಭಯಭಕ್ತಿಯಿಂದ ಸರಿದು, ಅವರನ್ನು ಅವರ ನ್ಯಾಯವಾದ ಸ್ಥಾನದಲ್ಲಿ, ಅಂದರೆ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು.

“ಏನ್ರೀ ಇದು?”

“ತಮ್ಮದೇ ಆಜ್ಞೆ, ಸರ್.”

ಹತ್ತೂಕಾಲಿಗೆ ನಾನು ಸಿಕ್ಕಿಬಿದ್ದೆ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲು ತೆರೆಯುವ ದೃಶ್ಯ ತಪ್ಪಬಾರದೆಂದು ಮೆಟ್ಟಿಲು ಹತ್ತಿ ಓಡುತ್ತಿದ್ದವಳು ಇಡೀ ಕಟ್ಟಡದಲ್ಲಿ ನಾನೊಬ್ಬಳೇ.

ನಾನು ಮಾಡಿದ್ದು ಬಹಳ ಸುಲಭದ ಕೆಲಸ. ನಮ್ಮ ಇಮೇಲ್ ವ್ಯವಸ್ಥೆ ಎಂಥ ಸಾಧುಪ್ರಾಣಿ ಎಂದರೆ, ‘ಇಂದ’ ಎಂಬ ಜಾಗದಲ್ಲಿ ಯಾರ ಹೆಸರು ಬರೆದರೂ ನಂಬುತ್ತದೆ. ನಾನು ಚಂದ್ರ ಎಂದು ಬರೆದುಕೊಂಡಿದ್ದರೂ ಚಂದ್ರನಿಗೊಂದು ನಮಸ್ಕಾರ ಹೇಳಿ ಒಳಗೆ ಬಿಡುತ್ತಿತ್ತು.

ನಿರ್ದೇಶಕರ ಕೋಣೆಯಲ್ಲಿ ನೆಟ್‌ವರ್ಕ್ ವಿಭಾಗದ ಹಿರಿಯ ಇಂಜಿನಿಯರ್ ಕೂಡ ಇದ್ದರು. ಕೆಲಸದ ಮಾತನ್ನೆಲ್ಲ ಎರಡೆರಡು ಸಲ ಹೇಳುವುದರಿಂದ ಅವರಿಗೆ ಎರಡೆರಡಮ್ಮ ಎಂದು ನಾಮಕರಣ ಮಾಡಿದ್ದೇನೆ. ಅವರಿಗದು ಗೊತ್ತಿಲ್ಲ. ನಾನು ಅವರ ಕೈಕೆಳಗೆ ಸೇರಿ ಆರು ವಾರ. ಪ್ರೊಬೇಷನ್ ಮೂರು ತಿಂಗಳು.

“ಬಾಗಿಲು ತೆರೆದಿದೆ ಅಂತ ತೋರಿಸಿದ್ದಾಳೆ, ಇವಳೇ ಮುಚ್ಚಲಿ,” ಎಂದರು ನಿರ್ದೇಶಕರು. “ಇಮೇಲ್ ಕಾಯೋಕೆ ಅಂತ ತಂದ ಪೆಟ್ಟಿಗೆ ಉಗ್ರಾಣದಲ್ಲಿ ಎಂಟು ತಿಂಗಳಿಂದ ಬಿದ್ದಿದೆ. ಹದಿನಾರನೇ ತಾರೀಕಿಗೆ ಅದು ಕೆಲಸ ಶುರು ಮಾಡಬೇಕು. ನೋಡಮ್ಮ, ಇಲ್ಲಿಗೆ ಬರೋ ಒಂದೊಂದು ಕಾಗದದ ಹಿಂದೆಯೂ ಒಬ್ಬರು ಮಂಚದ ಮೇಲೆ ಮಲಗಿರ್ತಾರೆ. ಒಂದು ಕಾಗದ ಕಳೆದುಹೋದ್ರೂ ನೀನು ಮನೆಗೆ.”

ನಮ್ಮದು ಅಪರೂಪದ ರಕ್ತದ ಗುಂಪುಗಳ ಕೇಂದ್ರ. ಯಾವ ಆಸ್ಪತ್ರೆಗೆ ಸಿಗದ ರಕ್ತ ಬೇಕಾದರೂ ಇಲ್ಲಿಗೆ ಬರೆಯುತ್ತಾರೆ, ಇಲ್ಲಿಂದ ದಾನಿಯನ್ನು ಹುಡುಕುತ್ತಾರೆ. ಅಂತೂ ಗಂಭೀರ ಸ್ಥಳ. ನನ್ನಂಥವಳಿಗೆ ಹೇಳಿ ಮಾಡಿಸಿದ್ದಲ್ಲ.

ಮನೆಯಲ್ಲಿ ಅಣ್ಣ ಬಿದ್ದು ಬಿದ್ದು ನಕ್ಕ. ಅವನು ಸಿಟಿ ಬಸ್ಸಿನ ಡ್ರೈವರ್. “ನಾಳೆಯಿಂದ ನಮ್ಮ ಬಸ್ಸಲ್ಲೂ ಹಾಗೇ ನಿಲ್ಲಿಸ್ಲೇನೇ?”

ಹೊಲಿಗೆ ಯಂತ್ರ ನಿಲ್ಲಿಸದೆಯೇ ಅಮ್ಮ ಹೇಳಿದಳು: “ನಗಬೇಡ ಕಣೋ. ನೀನು ನಕ್ಕಷ್ಟೂ ಇವಳಿಗೆ ಕೊಬ್ಬು.”

ಮಾರ್ಚ್ 4, ಮಂಗಳವಾರ

ಪೆಟ್ಟಿಗೆಯ ಉದ್ಘಾಟನಾ ಸಮಾರಂಭ ಸರ್ವರ್ ಕೋಣೆಯಲ್ಲಿ ವಿಜೃಂಭಣೆಯಿಂದ ನೆರವೇರಿತು. ಸಭಿಕರು: ಎರಡೆರಡಮ್ಮ, ನಾನು, ಒಂದು ಮುರಿದ ಕುರ್ಚಿ. ಬೂದು ಬಣ್ಣ, ಎರಡು ದಪ್ಪ ಪುಸ್ತಕ ಒಂದರ ಮೇಲೊಂದು ಇಟ್ಟಷ್ಟು ಎತ್ತರ, ಹಿಂದೆ ತಂತಿ ಸಿಕ್ಕಿಸುವ ಐದು ಕಿಂಡಿ. ಇಷ್ಟೇ. ನಾನು ಕನಿಷ್ಠ ಪಕ್ಷ ಒಂದು ಕೆಂಪು ಗುಂಡಿಯನ್ನಾದರೂ ನಿರೀಕ್ಷಿಸಿದ್ದೆ.

“ಇದಕ್ಕೊಂದು ಭಾಷಣ ಬೇಡ್ವಾ ಮೇಡಂ?”

“ಮೊದಲು ಧೂಳು ಒರೆಸು. ಮೊದಲು ಧೂಳು ಒರೆಸು.”

ಆಮೇಲೆ ತಮ್ಮ ಕೋಣೆಯ ಪದ್ಧತಿ ಹೇಳಿಕೊಟ್ಟರು. ಯಂತ್ರಕ್ಕೆ ಒಂದು ಅಂಕಿ ಹಾಕಬೇಕಾದರೂ ಇಬ್ಬರಿರಬೇಕು. ಒಬ್ಬರು ಹಾಳೆ ನೋಡಿ ಜೋರಾಗಿ ಓದಬೇಕು, ಇನ್ನೊಬ್ಬರು ಒತ್ತಬೇಕು. ಒತ್ತಿದವರು ಪರದೆ ನೋಡಿ ಅದನ್ನೇ ಮತ್ತೆ ಜೋರಾಗಿ ಓದಬೇಕು. ನೆನಪಿನಿಂದ ಅಲ್ಲ, ಪರದೆ ನೋಡಿ. ಕೊನೆಗೆ ಇಬ್ಬರೂ ಹಾಳೆಗೆ ಸಹಿ. ಮೂವತ್ತೊಂದು ವರ್ಷದಿಂದ ಹೀಗೇ ಅಂತೆ.

ಮೂವತ್ತೊಂದು ವರ್ಷ! ನಾನು ಹುಟ್ಟುವ ಎಂಟು ವರ್ಷ ಮೊದಲಿನಿಂದ ಈ ಹೆಂಗಸು ಗೋಡೆಯ ಜೊತೆ ಅಂಕಿ ಮಾತಾಡುತ್ತಿದ್ದಾರೆ.

ಮಾರ್ಚ್ 6, ಗುರುವಾರ

ಇಂದು ಪೆಟ್ಟಿಗೆ ನನ್ನ ಕಣ್ಣೆದುರೇ ಮಾಯವಾಯಿತು. ಎಲ್ಲಿಗೂ ಹೋಗಲಿಲ್ಲ, ಮೇಜಿನ ಮೇಲೇ ಇತ್ತು. ಆದರೂ ಮಾಯ.

ಕಾರ್ಖಾನೆಯಿಂದ ಬರುವಾಗಲೇ ಪೆಟ್ಟಿಗೆಗೆ ಒಂದು ವಿಳಾಸ ಇರುತ್ತದೆ, ಒಂದು ಸಾಲು ಅಂಕಿ. ನನ್ನ ಲ್ಯಾಪ್‌ಟಾಪಿನಿಂದ ಒಂದು ತಂತಿ ಎಳೆದು, ಆ ವಿಳಾಸ ಹಿಡಿದು ಒಳಹೊಕ್ಕೆ. ನಮ್ಮ ಕಟ್ಟಡದ ಹೊಸ ವಿಳಾಸ ಹಾಕಿದೆ. ಇಲ್ಲಿ ಏನು ಬದಲಿಸಿದರೂ ತಕ್ಷಣ ಜಾರಿಗೆ ಬರುವುದಿಲ್ಲ. ‘ಕಮಿಟ್’ ಅಂತ ಒಂದು ಗುಂಡಿ, ಅದನ್ನು ಒತ್ತಿದಾಗಲೇ ಪೆಟ್ಟಿಗೆ ಮಾತು ಒಪ್ಪಿಕೊಳ್ಳುವುದು. ಒತ್ತುವ ಮುಂಚೆ ಏಕೆ ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ನಾನು ‘ಲೋಕಕಲ್ಯಾಣಾರ್ಥವಾಗಿ’ ಎಂದು ಬರೆದು ಒತ್ತಿದೆ. ಪರದೆ ಕಲ್ಲಾಯಿತು. ಎಷ್ಟು ಕುಟ್ಟಿದರೂ ಉತ್ತರ ಇಲ್ಲ.

“ಮೇಡಂ, ಕೆಟ್ಟುಹೋಯ್ತು! ನಾನೇನೂ ಮಾಡಿಲ್ಲ!”

ಎರಡೆರಡಮ್ಮ ನಕ್ಕರು. ಆರು ವಾರದಲ್ಲಿ ಮೊದಲ ಸಲ. “ನೀನು ಹೇಳಿದ್ದಕ್ಕೆ ಅದು ಮನೆ ಬದಲಾಯಿಸ್ತು. ನೀನಿನ್ನೂ ಹಳೇ ಮನೆ ಬಾಗಿಲು ಬಡೀತಿದ್ದೀಯ. ನೀನೂ ಹೊಸ ಬೀದಿಗೆ ಹೋಗಬೇಕು.”

ನನ್ನ ಲ್ಯಾಪ್‌ಟಾಪಿಗೂ ಹೊಸ ಸಾಲಿನ ವಿಳಾಸ ಕೊಟ್ಟ ಮೇಲೆ ನೋಡಿದರೆ ಪೆಟ್ಟಿಗೆ ಅಲ್ಲೇ ಕೂತಿತ್ತು, ಏನೂ ಆಗದವರ ಹಾಗೆ. ಎದುರಿಗೇ ಇರುವ, ಕೈಯಲ್ಲಿ ಮುಟ್ಟಬಹುದಾದ ವಸ್ತು, ಅಂಕಿ ಗೊತ್ತಿಲ್ಲದಿದ್ದರೆ ಇಲ್ಲವೇ ಇಲ್ಲ.

ಮಾರ್ಚ್ 7, ಶುಕ್ರವಾರ

ಅಣ್ಣನಿಗೆ ಪಾಠ ಮಾಡಿದೆ. ಕಲಿತದ್ದು ಅರ್ಧವಾದರೂ ಕಲಿಸುವುದು ಪೂರ್ತಿ ಎಂಬುದು ನನ್ನ ಸಿದ್ಧಾಂತ.

“ಮಾಸ್ಕ್ ಅಂತ ಒಂದು ಅಂಕಿ ಇರುತ್ತೆ. ಯಾವ ವಿಳಾಸ ನಮ್ಮ ಬೀದಿಯದು, ಯಾವುದು ಹೊರಗಿನದು ಅಂತ ಪೆಟ್ಟಿಗೆಗೆ ಅದೇ ಹೇಳೋದು. ನಮ್ಮ ಬೀದಿಯವರಾದ್ರೆ ಪೆಟ್ಟಿಗೆ ನಿಂತಲ್ಲಿಂದಲೇ ಕೂಗಿ ಕರೆಯುತ್ತೆ. ಹೊರಗಿನವರಾದ್ರೆ ಗೇಟ್‌ವೇ ಹತ್ರ ಹೋಗುತ್ತೆ, ಅದು ದಾಟಿಸುತ್ತೆ.”

“ಅಂದ್ರೆ ಪಕ್ಕದ್ಮನೆಗೆ ಕೂಗೋದು, ದೂರಕ್ಕೆ ನನ್ನ ಬಸ್ಸು ಹತ್ತೋದು.”

“ಶಹಬ್ಬಾಸ್. ಗೇಟ್‌ವೇ ಅಂದ್ರೆ ಬಸ್ ಸ್ಟಾಪು.”

“ಪಕ್ಕದ್ಮನೆ ಅಂದ್ಕೊಂಡು ಹತ್ತು ಮೈಲಿ ಆಚೆಯವರನ್ನ ಕೂಗಿದ್ರೆ?”

“ಅಷ್ಟು ದಡ್ಡರು ಯಾರೂ ಇರಲ್ಲ ಬಿಡೋ.”

ಮಾರ್ಚ್ 11, ಮಂಗಳವಾರ

ಯಾವ ಯಾವ ಆಸ್ಪತ್ರೆ ನಮಗೆ ಬರೆಯುತ್ತದೆ ಎಂಬ ಪಟ್ಟಿಗಾಗಿ ಮೂರನೇ ಮಹಡಿಗೆ ಹೋದೆ. ಅಲ್ಲಿ ಫೋನಕ್ಕ ಕೂರುತ್ತಾರೆ. ದಾನಿಗಳಿಗೆ ಫೋನ್ ಮಾಡುವುದೇ ಅವರ ಕೆಲಸ. ಕಿವಿಯ ಮೇಲೊಂದು ಪೆನ್ಸಿಲ್, ಮೇಜಿನ ಮೇಲೆ ಮರದ ಸಣ್ಣ ಸಣ್ಣ ಡ್ರಾಯರುಗಳು. ಕಂಪ್ಯೂಟರಿನಲ್ಲೂ ಎಲ್ಲ ಇದೆ, ಆದರೂ ಅವರಿಗೆ ಚೀಟಿ ಬೇಕು.

“ಓಹೋ, ಲಿಫ್ಟ್ ಮಹಾರಾಣಿ ದಯಮಾಡಿಸಿದ್ರು!”

ನಾನು ಸೊಂಟ ಬಗ್ಗಿಸಿ ವಂದಿಸಿದೆ. ಅವರು ಪಟ್ಟಿ ಹುಡುಕುವಾಗ ಒಂದು ಡ್ರಾಯರು ಎಳೆದು ನೋಡಿದೆ. ಉಳಿದವು ತುಂಬಿ ತುಳುಕುತ್ತಿದ್ದರೆ ಅದರಲ್ಲಿ ಕೆಲವೇ ಚೀಟಿ.

“ಇದ್ಯಾಕೆ ಅಕ್ಕ, ಇಷ್ಟು ಬಡವಾಗಿದೆ?”

“ಅದೊಂದು ಗುಂಪು. ಹೆಸರೇ ಒಂದು ಸಾಲು ಉದ್ದ. ಕರೆದ್ರೆ ಬಂದು ತಲುಪೋ ದೂರದಲ್ಲಿ ಹನ್ನೊಂದು ಜನ ಇದ್ದಾರೆ, ಅಷ್ಟೇ. ಅವರಲ್ಲಿ ಯಾರಿಗಾದ್ರೂ ರಕ್ತ ಬೇಕಾದ್ರೆ ಮಿಕ್ಕ ಹತ್ತು ಜನರೇ ಗತಿ. ಬೇರೆ ಯಾರ ರಕ್ತ ಕೊಟ್ರೂ ಮೈ ಒಪ್ಪಲ್ಲ.”

“ಅವರಿಗೆ ಒಬ್ಬರಿಗೊಬ್ಬರು ಗೊತ್ತಾ?”

“ಇಲ್ಲ ಕಣೇ. ಒಂದೇ ಬಸ್ಸಲ್ಲಿ ಪಕ್ಕಪಕ್ಕ ಕೂತಿದ್ರೂ ಗೊತ್ತಾಗಲ್ಲ.”

ಅಣ್ಣನ ಬಸ್ಸಿನಲ್ಲಿ ಮನೆಗೆ ಬಂದೆ. ನಲವತ್ತೆರಡು ಜನ ಇದ್ದರು. ಒಬ್ಬೊಬ್ಬರನ್ನೂ ನೋಡಿದೆ. “ಏನೇ ಹಾಗೆ ಗುರಾಯಿಸ್ತೀಯ ಪ್ಯಾಸೆಂಜರ್‌ಗಳನ್ನ?” ಎಂದ ಅಣ್ಣ.

ಮಾರ್ಚ್ 14, ಶುಕ್ರವಾರ

ಮೂರು ದಿನದಿಂದ ಹಳೆಯ ಸರ್ವರಿನ ಲಾಗ್ ಓದುತ್ತಿದ್ದೇನೆ. ಬಂದ ಕಾಗದಕ್ಕೊಂದು ಸಾಲು, ಹೋದ ಕಾಗದಕ್ಕೊಂದು ಸಾಲು. ಯಾರಿಂದ, ಯಾರಿಗೆ, ಎಷ್ಟು ದೊಡ್ಡದು, ಎಷ್ಟು ಗಂಟೆಗೆ. ಒಳಗೇನಿದೆ ಎಂಬುದು ಮಾತ್ರ ಇಲ್ಲ. (ಇಮೇಲಿಗೆ ನಾನೂ ಕಾಗದ ಎನ್ನತೊಡಗಿದ್ದೇನೆ. ಈ ಕೋಣೆಯಲ್ಲಿ ಎಲ್ಲರೂ, ಅಂದರೆ ಎರಡೆರಡಮ್ಮನವರು, ಹಾಗೇ ಹೇಳುವುದು.)

“ತೆಗೆದು ಓದಕ್ಕಾಗುತ್ತಾ ಮೇಡಂ?”

“ಆಗುತ್ತೆ.”

“ನೀವು ಓದಿದ್ದೀರಾ?”

“ನಾವು ಲಕೋಟೆ ನೋಡೋರು. ಕಾಗದ ಓದೋರಲ್ಲ.” ಇದನ್ನು ಮಾತ್ರ ಒಂದೇ ಸಲ ಹೇಳಿದರು.

ಹತ್ತು ಕಾಗದ ಬಂದರೆ ಎಂಟು ಕಳ್ಳ ಕಾಗದ. ಒಬ್ಬ ರಾಜಕುಮಾರ ತನ್ನ ಆಸ್ತಿಯನ್ನೆಲ್ಲ ನಮ್ಮ ಪ್ರಯೋಗಾಲಯದ ಸಹಾಯಕರ ಹೆಸರಿಗೆ ಬರೆಯಲು ತುದಿಗಾಲಲ್ಲಿದ್ದಾನೆ. ಇವುಗಳ ಮಧ್ಯೆ ನುಸುಳಿಕೊಂಡು ಬರುತ್ತವೆ ನಿಜವಾದ ಕಾಗದಗಳು, ತಲೆ ತಗ್ಗಿಸಿಕೊಂಡು, ಒಂದೊಂದೇ. ಅವುಗಳಲ್ಲಿ ಒಂದು ನನಗೆ ಬಹಳ ಇಷ್ಟ. ನದಿಯಾಚೆಯ ಹೆರಿಗೆ ಆಸ್ಪತ್ರೆಯದು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಸರಿಯಾಗಿ ಎಂಟೂ ಹತ್ತಕ್ಕೆ ತಮ್ಮಲ್ಲಿರುವ ರಕ್ತದ ದಾಸ್ತಾನು ಪಟ್ಟಿ ಕಳಿಸುತ್ತಾರೆ. ಎಂಟೂ ಒಂಬತ್ತಲ್ಲ, ಎಂಟೂ ಹನ್ನೊಂದಲ್ಲ. ಆ ಪಟ್ಟಿಯನ್ನು ನಮ್ಮವರು ವಾರಕ್ಕೊಮ್ಮೆ ತೆರೆದರೆ ಹೆಚ್ಚು. ಆದರೂ ಅವರು ಕಳಿಸುತ್ತಾರೆ. ನಾನವರಿಗೆ ಎಂಟೂಹತ್ತು ಮಹಾಶಯರು ಎಂಬ ಬಿರುದು ಕೊಟ್ಟಿದ್ದೇನೆ.

ಉಳಿದ ಆಸ್ಪತ್ರೆಗಳು ಹೊರಗಿನ ಇಂಟರ್ನೆಟ್ಟಿನಿಂದ ಬರುತ್ತವೆ. ನದಿಯಾಚೆಯದೊಂದು ಮಾತ್ರ ಇನ್ನೂ ಹಳೆಯ ಖಾಸಗಿ ಲೈನಿನಲ್ಲಿದೆ. ಹಾಗಾಗಿ ಪೆಟ್ಟಿಗೆಗೆ ಎರಡು ಕಾಲು: ಒಂದು ಜಗತ್ತಿಗೆ, ಇನ್ನೊಂದು ನದಿಯಾಚೆಗೆ.

ಮಾರ್ಚ್ 16, ಭಾನುವಾರ

ಮಹಾಪ್ರಸ್ಥಾನ ಬೆಳಿಗ್ಗೆ ಆರಕ್ಕೆ. ಹಳೆಯ ಸರ್ವರಿನ ತಂತಿ ಕಿತ್ತು ಪೆಟ್ಟಿಗೆಗೆ ಹಾಕುವುದು, ಅಂಕಿಗಳನ್ನೆಲ್ಲ ಕೊನೆಯದಾಗಿ ತುಂಬುವುದು. ಬಾಗಿಲು ತೆರೆಯಲು ಬಂದ ವಾಚ್‌ಮನ್ ಮಾವ ಅಲ್ಲೇ ಸ್ಟೂಲಿನ ಮೇಲೆ ಕೂತರು.

ಎರಡೆರಡಮ್ಮ ಓದಿದರು, ನಾನು ಒತ್ತಿದೆ. ಅಷ್ಟು ಮುಂಜಾನೆ, ಅಷ್ಟು ತಣ್ಣನೆಯ ಕೋಣೆ, ಅಷ್ಟು ಗಂಭೀರವಾಗಿ ಇಬ್ಬರು ಹೆಂಗಸರು ಅಂಕಿ ಹೇಳಿಕೊಳ್ಳುವುದು! ಎಷ್ಟೆಂದು ತಡೆದುಕೊಳ್ಳಲಿ? ಎರಡನೇ ಕಾಲಿನ ಹೊತ್ತಿಗೆ ನಾನು ಅವರ ಅಂಕಿಗಳನ್ನು ರಾಗವಾಗಿ ಎಳೆಯತೊಡಗಿದೆ. “ಇನ್ನೂರೈವತ್ತೈದೂಊಊ...” ವಾಚ್‌ಮನ್ ಮಾವ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಕ್ಕರು. ಎರಡೆರಡಮ್ಮ ಹಾಳೆಯಿಂದ ತಲೆಯೆತ್ತಲಿಲ್ಲ. ಮರಳಿ ಓದು ಎಂದರು. ಓದಿದೆ. ಸಹಿ ಮಾಡಿದೆವು.

ಪರೀಕ್ಷೆಗೆ ಎರಡೂ ಕಡೆಯ ಗೇಟ್‌ವೇಗಳನ್ನು ಕೂಗಿ ನೋಡಿದೆವು. ಎರಡೂ ಓಗೊಟ್ಟವು. ಹೊರಕ್ಕೆ ಕಳಿಸಿದ ಕಾಗದ ಹೋಯಿತು, ಹೊರಗಿನದು ಬಂತು. ಪೆಟ್ಟಿಗೆಯ ಮೂತಿಯ ಮೇಲೆ ಎರಡು ಹಸಿರು ದೀಪ.

ಏಳೂವರೆಗೆ ಮೂವರೂ ಚಹಾ ಕುಡಿದೆವು.

ಮಾರ್ಚ್ 17, ಸೋಮವಾರ

ವಿಜಯೋತ್ಸವ! ನಿರ್ದೇಶಕರ ಎದುರಿಗೇ ಕೂತು, ನಿರ್ದೇಶಕರ ಹೆಸರಿನಲ್ಲಿ, ‘ನಾಳೆ ಎಲ್ಲರೂ ಹಿಮ್ಮುಖವಾಗಿ ನಡೆಯತಕ್ಕದ್ದು’ ಎಂದು ಬರೆದು ಹೊರಗಿನಿಂದ ಕಳಿಸಿದೆ. ಪೆಟ್ಟಿಗೆ ಅದರ ಕತ್ತಿನ ಪಟ್ಟಿ ಹಿಡಿದು ಆಚೆಗೆ ದಬ್ಬಿತು. ಎರಡನೇ ಸಲ ಕಳಿಸಿದೆ. ಮತ್ತೆ ದಬ್ಬಿತು. ನನ್ನ ಜೀವಮಾನದ ವಿದ್ಯೆಯನ್ನು ಒಂದು ಬೂದು ಡಬ್ಬಿ ಕಣ್ಣು ಮಿಟುಕಿಸದೆ ಸೋಲಿಸಿತು. ಎಷ್ಟು ಖುಷಿಯಾಯಿತೆಂದರೆ ಚಪ್ಪಾಳೆ ತಟ್ಟಿಬಿಟ್ಟೆ.

“ಸೋತವಳು ಚಪ್ಪಾಳೆ ತಟ್ಟೋದು ಇದೇ ಮೊದಲು ನೋಡಿದ್ದು,” ಎಂದರು ನಿರ್ದೇಶಕರು.

ಸಂಜೆಯವರೆಗೂ ಅದೇ ಸಂಭ್ರಮ. ಬೇರೇನೂ ನೋಡಲಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಎಂಟಕ್ಕೆಲ್ಲ ಪರದೆಯ ಮುಂದೆ ಕೂತೆ. ಸಾಲುಗಳು ಬರುತ್ತಿದ್ದವು, ಹೋಗುತ್ತಿದ್ದವು. ಎಂಟೂ ಹತ್ತಾಯಿತು. ಹದಿನೈದಾಯಿತು. ಎಂಟೂವರೆ. ಏನೋ ಸರಿಯಿಲ್ಲ ಅನಿಸಿತು. ಯಾವ ದೀಪವೂ ಕೆಂಪಾಗಿರಲಿಲ್ಲ. ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಬರಬೇಕಾದ ಒಂದು ಸಾಲು ಬಂದಿರಲಿಲ್ಲ, ಅಷ್ಟೇ. ನಿನ್ನೆಯ ಲಾಗ್ ನೋಡಿದೆ. ನಿನ್ನೆಯೂ ಇಲ್ಲ.

ಎರಡೆರಡಮ್ಮ ಆಗತಾನೆ ಬಂದು ಚೀಲ ಇಡುತ್ತಿದ್ದರು. “ಮೇಡಂ, ನದಿಯಾಚೆಯವರ ಎಂಟೂ ಹತ್ತರ ಕಾಗದ ಎರಡು ದಿನದಿಂದ ಬಂದಿಲ್ಲ.”

ನನ್ನ ಮುಖ ನೋಡಿದರು. ತಮಾಷೆನಾ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ನಾನಾಗಿದ್ದರೆ ಕೇಳುತ್ತಿದ್ದೆ. ಅವರು ಚೀಲವನ್ನು ನೆಲದ ಮೇಲೇ ಬಿಟ್ಟು ಭಾನುವಾರದ ಹಾಳೆ ತೆಗೆದರು.

“ಎರಡನೇ ಕಾಲು. ಮಾಸ್ಕ್. ಪರದೆ ಓದು. ಪರದೆ ಓದು.”

ಓದಿದೆ. “ಇನ್ನೂರೈವತ್ತೈದು. ಇನ್ನೂರೈವತ್ತೈದು. ಸೊನ್ನೆ. ಸೊನ್ನೆ.”

ಹಾಳೆಯಲ್ಲಿ ಇನ್ನೂರೈವತ್ತೈದು ಮೂರು ಸಲ ಇತ್ತು. ಸೊನ್ನೆ ಒಂದೇ.

ಭಾನುವಾರ ನಾನು ರಾಗ ಎಳೆಯುವ ಭರದಲ್ಲಿ ಅದನ್ನು ಎರಡೇ ಸಲ ಒತ್ತಿ, ಮೂರನೆಯದರ ಜಾಗಕ್ಕೂ ಸೊನ್ನೆ ಹಾಕಿ ಮುಂದೆ ಹೋಗಿದ್ದೆ. ಮರಳಿ ಓದಿದಾಗ ನಾನು ಪರದೆ ನೋಡಿರಲಿಲ್ಲ. ವಾಚ್‌ಮನ್ ಮಾವ ನಗುತ್ತಾರಾ ಎಂದು ನೋಡುತ್ತಿದ್ದೆ. ಒತ್ತಿದ್ದನ್ನು ಓದಲಿಲ್ಲ, ಕೇಳಿದ್ದನ್ನು ಹೇಳಿದೆ.

ಹಾಗಾಗಿ ಆ ಲೈನಿನ ಪ್ರತಿಯೊಂದು ವಿಳಾಸವೂ, ನದಿಯಾಚೆಯದೂ, ಪಕ್ಕದ ಮನೆಯೇ ಎಂದು ಪೆಟ್ಟಿಗೆ ನಂಬಿತ್ತು. ಎರಡು ದಿನದಿಂದ ಆ ಆಸ್ಪತ್ರೆಯವರು ಬಾಗಿಲು ತಟ್ಟಿದಾಗಲೆಲ್ಲ ಪೆಟ್ಟಿಗೆ ಗೇಟ್‌ವೇ ಕಡೆ ತಿರುಗದೆ, ಈ ಕೋಣೆಯೊಳಗೇ ನಿಂತು ‘ಬನ್ನಿ’ ಎಂದು ಕೂಗುತ್ತಿತ್ತು. ಗೇಟ್‌ವೇ ಮಾತ್ರ ನಿಜವಾಗಿಯೂ ಪಕ್ಕದಲ್ಲೇ ಇದ್ದದ್ದರಿಂದ ನಮ್ಮ ಪರೀಕ್ಷೆಯಲ್ಲಿ ಓಗೊಟ್ಟಿತ್ತು.

ಸರಿಮಾಡಿದೆ. ಅವರು ಓದಿದರು, ನಾನು ಒತ್ತಿದೆ, ಪರದೆ ನೋಡಿ ಓದಿದೆ. ಕಾರಣ ಬರೆಯುವ ಜಾಗದಲ್ಲಿ ‘ಭಾನುವಾರ ನಾನು ಮಾಸ್ಕ್ ತಪ್ಪಾಗಿ ಹಾಕಿದ್ದೆ, ಸರಿಪಡಿಸಿದೆ’ ಎಂದು ಬರೆದು ಕಮಿಟ್ ಒತ್ತಿದೆ.

ಒಂಬತ್ತೂ ಐದಕ್ಕೆ ಬಂದವು. ಒಂದು, ಎರಡು, ಮೂರು. ಸೋಮವಾರದ ಪಟ್ಟಿ, ಇಂದಿನ ಪಟ್ಟಿ, ಜೊತೆಗೆ ಇನ್ನೊಂದು. ಅದರ ಮೇಲೆ ತುರ್ತು ಎಂಬ ಗುರುತು. ಹೊರಟದ್ದು ನಿನ್ನೆ ಸಂಜೆ ನಾಲ್ಕೂ ಇಪ್ಪತ್ತಕ್ಕೆ. ಅವರ ಸರ್ವರು ನಿನ್ನೆಯಿಂದ ಇಂದಿನವರೆಗೆ, ಮುನಿಸಿಕೊಳ್ಳದೆ, ಬೈಯದೆ, ಸ್ವಲ್ಪ ಹೊತ್ತಿಗೊಮ್ಮೆ ಬಂದು ಅದೇ ಬಾಗಿಲು ತಟ್ಟಿ, ಉತ್ತರವಿಲ್ಲದೆ ಹಿಂದೆ ಹೋಗಿ, ಮತ್ತೆ ಬಂದಿತ್ತು. ಒಂದನ್ನೂ ಕೆಳಗೆ ಹಾಕಿರಲಿಲ್ಲ. ನಾನು ಯಾವ ಮನುಷ್ಯರಲ್ಲೂ ಅಂಥ ತಾಳ್ಮೆ ಕಂಡಿಲ್ಲ.

ಲಿಫ್ಟಿಗೆ ಕಾಯದೆ ಮೂರನೇ ಮಹಡಿಗೆ ಓಡಿದೆ. ರಕ್ತದ ಡಾಕ್ಟರಮ್ಮ ಆಗಲೇ ಕಾಗದ ತೆರೆದು ನಿಂತುಬಿಟ್ಟಿದ್ದರು. ನದಿಯಾಚೆ ಒಬ್ಬಳು ತುಂಬು ಬಸುರಿ ಎಂದಿತ್ತು ಅದರಲ್ಲಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಶಸ್ತ್ರಚಿಕಿತ್ಸೆಯ ಹೆರಿಗೆ. ಆ ಬಡವಾದ ಡ್ರಾಯರಿನ ಗುಂಪು. ಎರಡು ಚೀಲ ರಕ್ತ ಬೇಕು, ಇಂದು ಸಂಜೆಯೊಳಗೆ ಇಲ್ಲಿಂದ ಹೊರಡಬೇಕು.

“ನಿನ್ನೆ ಸಂಜೆ ಕಳಿಸಿ ಇವತ್ತಿನವರೆಗೂ ಫೋನ್ ಯಾಕೆ ಮಾಡಿಲ್ಲ ಇವರು?” ಎಂದರು ಫೋನಕ್ಕ.

“ಕಳಿಸಿದ ಮೇಲೆ ತಲುಪಿರುತ್ತೆ ಅಂತ ಮನೆಗೆ ಹೋಗಿರ್ತಾರೆ. ಎಲ್ಲರೂ ಹಾಗೇ ಅಲ್ವಾ?” ಎಂದರು ಡಾಕ್ಟರಮ್ಮ.

ನಾನು ಬಾಗಿಲಲ್ಲೇ ನಿಂತು ಹೇಳಿದೆ: “ತಡವಾಗಿದ್ದು ನನ್ನಿಂದ.” ಫೋನಕ್ಕ ಕಿವಿಯ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. “ಆ ಪುರಾಣ ಆಮೇಲೆ. ಐದು ಚೀಟಿ ನಿಂಗೆ, ಆರು ನಂಗೆ. ಕೂತ್ಕೊ.”

ನನ್ನ ಐದರಲ್ಲಿ ಒಬ್ಬರು ಹಡಗಿನಲ್ಲಿ. ಒಬ್ಬರಿಗೆ ಜ್ವರ. ಒಬ್ಬರು ಕಳೆದ ತಿಂಗಳಷ್ಟೇ ಕೊಟ್ಟಿದ್ದಾರೆ. ಒಬ್ಬರ ಫೋನು ರಿಂಗಾಗುತ್ತಲೇ ಇತ್ತು. ಐದನೆಯವರು ಗೇಟು ಮಾಡುವ ವೆಲ್ಡರ್. ಹಿಂದಿನಿಂದ ಕಬ್ಬಿಣ ಕುಟ್ಟುವ ಸದ್ದು.

“ರಕ್ತನಾ? ಯಾವಾಗ್ಲೂ ಇನ್ನೊಬ್ರು ಮಾಡ್ತಿದ್ರಲ್ಲ ಫೋನು. ಯಾರಮ್ಮ ನೀನು? ನಿನ್ನೆ ಒಬ್ಬಳು ಲಾಟರಿ ಹೊಡೆದಿದೆ ಅಂತ ಮಾಡಿದ್ಲು.”

ಜನರನ್ನು ಫೋನಿನಲ್ಲಿ ಏನು ಬೇಕಾದರೂ ನಂಬಿಸಬಲ್ಲವಳು ನಾನು. ಹಿಂದೊಮ್ಮೆ ಪಕ್ಕದ ಮನೆಯವರು ಅರ್ಧ ಗಂಟೆ ಕೊಡೆ ಹಿಡಿದು ತಾರಸಿಯ ಮೇಲೆ ನಿಂತಿದ್ದಾರೆ, ನನ್ನ ದಯೆಯಿಂದ. ಇಂದು ಒಂದು ಯುಕ್ತಿಯೂ ನೆನಪಾಗಲಿಲ್ಲ.

“ಅಣ್ಣ, ನಾನು ಇಲ್ಲಿ ಕಂಪ್ಯೂಟರ್ ಕೆಲಸದವಳು. ಒಂದು ಅಂಕಿ ತಪ್ಪು ಹಾಕಿದೆ. ಅದರಿಂದ ಕಾಗದ ಬರೋದು ಹದಿನೇಳು ಗಂಟೆ ತಡವಾಯ್ತು. ನಾಳೆ ಒಬ್ಬರಿಗೆ ಹೆರಿಗೆ. ಅದಕ್ಕೇ ಇಷ್ಟು ಅವಸರ.”

ಕುಟ್ಟುವ ಸದ್ದು ನಿಂತಿತು.

“ತಪ್ಪು ನಿಂದಾ?”

“ನಂದೇ.”

“ಹಾಗಾದ್ರೆ ನಿಜ ಇರಬೇಕು. ಮೋಸ ಮಾಡೋರು ತಪ್ಪು ತಮ್ಮ ಮೇಲೆ ಹಾಕ್ಕೊಳಲ್ಲ. ಅರ್ಧ ಗೇಟು ಬಾಕಿ ಇದೆ, ಬರ್ತೀನಿ.”

“ಗೇಟು ಮುಗಿಸಿ ಬರ್ತೀರಾ?”

“ಅಯ್ಯೋ, ಗೇಟೇನು ಎದ್ದು ಓಡಿಹೋಗುತ್ತಾ? ಈಗ್ಲೇ ಹೊರಟೆ.”

ಫೋನಕ್ಕನಿಗೆ ಒಬ್ಬರು ಗಣಿತದ ಮೇಷ್ಟ್ರು ಸಿಕ್ಕರು. ಮಧ್ಯಾಹ್ನ ಎರಡರ ಹೊತ್ತಿಗೆ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಮಲಗಿ, ಬೆಲೆ ಏರಿಕೆಯ ಬಗ್ಗೆ ಜಗಳವಾಡುತ್ತಿದ್ದರು. ಹನ್ನೊಂದರಲ್ಲಿ ಇಬ್ಬರು ಒಂದೇ ಕೋಣೆಯಲ್ಲಿ! ಬಾಗಿಲ ಗಾಜಿನಿಂದ ನೋಡಿದೆ. ವೆಲ್ಡರ್ ಅವರ ಮೊಣಕೈಯವರೆಗೂ ಕಿಡಿ ಹಾರಿದ ಸಣ್ಣ ಸಣ್ಣ ಕಪ್ಪು ಕಲೆ. ಬಿಸ್ಕತ್ತು ತಿಂದು, ಯಾರಿಗೆ, ಏನು ಎಂದು ಒಂದು ಮಾತು ಕೇಳದೆ, ಗೇಟಿನ ಕಡೆ ಹೊರಟುಹೋದರು. ನಾನು ಮೆಟ್ಟಿಲವರೆಗೆ ಹಿಂದೆ ಹಿಂದೆ ಹೋದೆ.

ಐದು ಗಂಟೆಗೆ ರಕ್ತದ ಪೆಟ್ಟಿಗೆ ನದಿ ದಾಟಿತು.

ಮಾರ್ಚ್ 19, ಬುಧವಾರ

ತಪ್ಪುಗಳ ರಿಜಿಸ್ಟರು ತೆರೆದೆ. ನಾನು ಬರೆಯುವ ಮುಂಚೆಯೇ ಎರಡೆರಡಮ್ಮ ಬರೆದಿದ್ದರು: ‘ಪರಿಶೀಲನೆ ನನ್ನದು. ಪರದೆಯನ್ನು ನಾನೂ ನೋಡಬೇಕಿತ್ತು.’ ಅದರ ಕೆಳಗೆ ನನ್ನದು ಬರೆದೆ. ನಿರ್ದೇಶಕರು ಎರಡನ್ನೂ ಓದಿದರು.

“ಇಬ್ಬರೂ ತಪ್ಪು ನಂದು ಅಂದ್ರೆ ನಾನು ಯಾರನ್ನ ಬೈಲಿ?”

“ನನ್ನ ಸರ್,” ಎಂದೆ. “ಮೇಡಂ ಸರಿಯಾಗೇ ಓದಿದ್ರು.”

ಅವರು ಕನ್ನಡಕ ತೆಗೆದು ಒರೆಸಿದರು. “ಆ ತಾಯಿ ಹೇಗಿದ್ದಾಳೆ ಅಂತ ಗೊತ್ತಾಗೋವರೆಗೂ ನಿನ್ನ ವಿಷಯ ಮಾತಾಡೋಕೆ ನನಗೆ ಮನಸ್ಸಿಲ್ಲ. ಹೋಗಿ ಕೆಲಸ ನೋಡ್ಕೊಳ್ಳಿ.”

ಹನ್ನೊಂದಾಯಿತು. ಹನ್ನೆರಡು. ಸಂಜೆಯವರೆಗೂ ಆ ಕಡೆಯಿಂದ ಏನೂ ಇಲ್ಲ. ಎಂಟೂ ಹತ್ತರ ಪಟ್ಟಿ ಮಾತ್ರ ಬೆಳಿಗ್ಗೆ ಬಂದಿತ್ತು.

ಮಧ್ಯಾಹ್ನ ಫೋನಕ್ಕ ಒಂದು ಸಲ ಫೋನ್ ಮಾಡಿದರಂತೆ. ‘ಎಲ್ಲರೂ ಒಳಗಿದ್ದಾರೆ, ಈಗ ಏನೂ ಹೇಳಕ್ಕಾಗಲ್ಲ’ ಎಂದರಂತೆ.

ಅಮ್ಮ ಊಟಕ್ಕೆ ಮೂರು ಸಲ ಕರೆದಳಂತೆ. ನನಗೆ ಕೇಳಿಸಿಲ್ಲ.

ಮಾರ್ಚ್ 20, ಗುರುವಾರ

ಹನ್ನೊಂದೂ ನಲವತ್ತಕ್ಕೆ ನದಿಯಾಚೆಯಿಂದ ಒಂದು ಸಾಲು. ಡಾಕ್ಟರಮ್ಮನಿಗೆ. ಬಂದದ್ದೇ ಪೆಟ್ಟಿಗೆ ಅದನ್ನು ತಡೆದು ಪಕ್ಕಕ್ಕೆ ನಿಲ್ಲಿಸಿತು. ಜೊತೆಯಲ್ಲಿ ಒಂದು ಚಿತ್ರ ಇತ್ತು, ಯಾವ ಬಗೆಯ ಚಿತ್ರವೆಂದು ಅದಕ್ಕೆ ಗುರುತು ಸಿಗಲಿಲ್ಲ. ಬಿಡಬೇಕೋ ಬೇಡವೋ ನಮ್ಮನ್ನು ಕೇಳಿತು.

ಎರಡು ಗುಂಡಿ: ‘ತೆರೆದು ನೋಡು’, ‘ಬಿಡು’. ಎರಡೆರಡಮ್ಮ ತಿಂಡಿ ಡಬ್ಬಿ ತೊಳೆಯಲು ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ಕಳಿಸಿದ ವಿಳಾಸ ಸರಿಯಿದೆಯಾ ನೋಡಿದೆ. ಬಂದ ಲೈನು ಸರಿಯಿದೆಯಾ ನೋಡಿದೆ. ವೈರಸ್ ಪರೀಕ್ಷೆಯ ಸಾಲು ನೋಡಿದೆ, ಏನೂ ಇಲ್ಲ. ಎಲ್ಲವನ್ನೂ ಇನ್ನೊಂದು ಸಲ ಜೋರಾಗಿ ಓದಿದೆ. ‘ಬಿಡು’ ಒತ್ತಿದೆ. ಚಹಾ ಆರುತ್ತಿತ್ತು, ಬೇಗ ಮುಗಿಸಬೇಕಿತ್ತು, ಅದಕ್ಕೇ.

ಹೋಯಿತು. ‘ತಲುಪಿದೆ’ ಎಂದು ಬಂತು. ಚಹಾ ಕುಡಿಯುವುದು ಮರೆತೇಹೋಯಿತು.

ಹತ್ತು ನಿಮಿಷಕ್ಕೆ ಡಾಕ್ಟರಮ್ಮ ಕೆಳಗೆ ಬಂದರು. ಸರ್ವರ್ ಕೋಣೆಗೆ ಅವರು ಕಾಲಿಟ್ಟದ್ದು ಇದೇ ಮೊದಲಂತೆ. ಚಳಿಗೆ ಕೈ ಉಜ್ಜಿಕೊಂಡರು.

“ಇಬ್ಬರೂ ಕ್ಷೇಮ,” ಎಂದರು. “ನಿನ್ನೆ ತುಂಬಾ ರಕ್ತ ಹೋಯ್ತಂತೆ. ಎರಡೂ ಚೀಲ ಬೇಕಾಯ್ತಂತೆ. ಇವತ್ತು ಎದ್ದು ಕೂತಿದ್ದಾಳೆ. ಹೆಣ್ಣು ಮಗು.”

ನಾನು ಅವರಿಗೆ ಕುರ್ಚಿ ಎಳೆದುಕೊಟ್ಟೆ. ಅವರು ಕೂರಲಿಲ್ಲ.

“ನಿರ್ದೇಶಕರು ಕರೆದ್ರು ನಿನ್ನ. ಪ್ರೊಬೇಷನ್ ಇನ್ನೂ ಮೂರು ತಿಂಗಳು ಅಂತ ಏನೋ ಹೇಳ್ತಿದ್ರು, ಹೋಗಿ ಕೇಳು.” ಅವರ ಕಣ್ಣು ಕೋಣೆಯ ತುಂಬ ಓಡಾಡುತ್ತಿತ್ತು. “ಎಲ್ಲಮ್ಮ, ನದಿಯಾಚೆಯದು ಎಲ್ಲಿಂದ ಬರೋದು?”

ಪೆಟ್ಟಿಗೆಯ ಹಿಂಬದಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಎರಡನೇ ಕಿಂಡಿ, ಕಿರುಬೆರಳಿಗಿಂತ ಸಣ್ಣದೊಂದು ನೀಲಿ ತಂತಿ.

“ಇದಾ? ಇಷ್ಟೇನಾ?”

“ಇಷ್ಟೇ.”

ಅವರು ಬಗ್ಗಿ, ರೋಗಿಯ ಮಣಿಕಟ್ಟು ಹಿಡಿಯುವ ಹಾಗೆ, ಎರಡು ಬೆರಳನ್ನು ತಂತಿಯ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತರು. “ಬೆಚ್ಚಗಿದೆ,” ಎಂದರು.

ಅದು ಪೆಟ್ಟಿಗೆಯ ಫ್ಯಾನು ಹಿಂದಕ್ಕೆ ಊದುವ ಬಿಸಿ ಗಾಳಿ. ತಂತಿಗೆ ಯಾವ ಬಿಸಿಯೂ ಇರುವುದಿಲ್ಲ.

ಅವರು ಮೇಲೆ ಹೋದ ಮೇಲೆ ನಾನೂ ಹಿಂಬದಿಗೆ ಹೋಗಿ, ಅದೇ ಜಾಗದಲ್ಲಿ, ಎರಡು ಬೆರಳು ಇಟ್ಟು ನೋಡಿದೆ.